ಅರ್ಧ ಸುತ್ತಿನ ತಿರುಪು

೩ ಜೂನ್ ೨೦೨೪, ಸೋಮವಾರ

ಹಳೆಯ ಡೈರಿಯನ್ನು ಯಾರೋ ಓದುತ್ತಿದ್ದಾರೆ ಅನ್ನುವ ಅನುಮಾನ ಬಂದು ಈ ಹೊಸ ನೋಟ್‌ಬುಕ್ ಶುರು ಮಾಡಿದ್ದೇನೆ. ಯಾರೋ ಅಂದರೆ ಇನ್ಯಾರು? ಈ ಮನೆಯಲ್ಲಿ ನಾನು ಬಿಟ್ಟರೆ ಭಾರತಿ. ಗುರುತಿಗೆ ಇಟ್ಟಿದ್ದ ಬೇವಿನ ಎಲೆ ಎರಡು ಪುಟ ಆಚೆ ಹೋಗಿತ್ತು. ಕೇಳಿದರೆ, ‘ನಿಮ್ ಬರವಣಿಗೆ ಇತ್ತೀಚೆಗೆ ಇರುವೆ ಹರಿದಂಗೆ ಇರುತ್ತೆ, ಅದನ್ನ ಓದೋ ಕರ್ಮ ನಂಗ್ಯಾಕ್ರೀ?’ ಅಂದಳು. ಓದದೆ ಇದ್ದರೆ ಇರುವೆ ಹರಿದ ಹಾಗಿದೆ ಅಂತ ಹೇಗೆ ಗೊತ್ತು? ಇನ್ನು ಮೇಲೆ ಇದನ್ನು ಹಳೇ ವಿಡಿಯೋ ಡೆಕ್ಕಿನ ರಟ್ಟಿನ ಡಬ್ಬಿಯಲ್ಲಿ, ವೈರುಗಳ ಕೆಳಗೆ ಇಡುತ್ತೇನೆ.

ಇವತ್ತು ಹೋಳೂರಿನಿಂದ ನಾದಿನಿ ಚಂದನ ಬಂದಿದ್ದಳು. ಕೈಯಲ್ಲಿ ಒಂದು ವಿಡಿಯೋ ಕ್ಯಾಸೆಟ್ಟು, ಹಳೇ ಸೀರೆಯ ತುಂಡಿನಲ್ಲಿ ಸುತ್ತಿದ್ದು. ಅವಳದೇ ಮದುವೆಯದು, ೧೯೯೬ರ ಮೇ ತಿಂಗಳು. ಮಾಡಿಕೊಟ್ಟದ್ದು ನನ್ನ ಅಂಗಡಿಯೇ. ಆಗ ಮುಳಬಾಗಿಲಿನಲ್ಲಿ ‘ಮುನಿಶಾಮಿ ವಿಡಿಯೋಸ್’ ಬಿಟ್ಟು ಬೇರೆಯವರನ್ನು ಮದುವೆಗೆ ಕರೆಯುತ್ತಿರಲಿಲ್ಲ. ಈಗ ಆ ಬೋರ್ಡು ಹಿತ್ತಲಿನ ಕೋಳಿಗೂಡಿಗೆ ಬಾಗಿಲಾಗಿದೆ. ನಾನು ಮುಂದಿನ ಕೋಣೆಯಲ್ಲಿ ಕೂತು, ಕೇಳಿದವರಿಗೆ ಹಳೇ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುತ್ತೇನೆ.

‘ಭಾವ, ಅಮ್ಮಂಗೆ ಬಲಗಣ್ಣು ಪೂರ್ತಿ ಹೋಯ್ತು’ ಅಂದಳು ಚಂದನ. ‘ಎಡಗಣ್ಣೂ ದಿನದಿನ ಮಬ್ಬಾಗ್ತಾ ಐತೆ. ಒಂದು ತಿಂಗ್ಳು ಅಂತ ಹೇಳ್ಬೋದು, ಆಮೇಲೆ ಗ್ಯಾರಂಟಿ ಇಲ್ಲ ಅಂದ್ರು ಡಾಕ್ಟ್ರು. ಅಷ್ಟರೊಳಗೆ ಮುರಳೀನ ಒಂದ್ಸಲ ನೋಡ್ಬೇಕಂತೆ.’

ಮುರಳಿಮೋಹನ ನನ್ನ ಬಾಮೈದ. ಚಂದನಳ ಮದುವೆಯಾದ ಏಳು ತಿಂಗಳಿಗೆ ಹೆದ್ದಾರಿಯಲ್ಲಿ ಲಾರಿ ಬಡಿದು ಹೋದ. ಇಪ್ಪತ್ತೊಂದು ವರ್ಷ. ನನ್ನ ಸೈಕಲ್ಲಿನ ಮುಂದೆ ಕೂತು ಬೆಳೆದವನು. ಫೋಟೋ ನಾಲ್ಕಾರು ಇವೆ. ಓಡಾಡುವ, ಮಾತಾಡುವ ಮುರಳಿ ಇರುವುದು ಈ ಒಂದು ಕ್ಯಾಸೆಟ್ಟಿನಲ್ಲಿ ಮಾತ್ರ.

ಅವಳು ಹೋದ ಮೇಲೆ ಹಾಕಿ ನೋಡಿದೆ. ಮಾತು ಸ್ವಚ್ಛವಾಗಿದೆ. ‘ಕದಿರೇಶಣ್ಣ, ನನ್ನ ಸರಿಯಾಗಿ ಹಿಡಿಯಣ್ಣ, ಅಮ್ಮ ನೋಡ್ಬೇಕು’ ಅನ್ನುತ್ತಾನೆ ಮುರಳಿ, ಕ್ಯಾಮೆರಾ ಹಿಡಿದವನಿಗೆ. ಆದರೆ ಚಿತ್ರ ನಿಲ್ಲುವುದಿಲ್ಲ. ಒಂದೇ ಸಮ ನಡುಗುತ್ತದೆ, ಮೇಲುಗಡೆ ಸೊಟ್ಟಗಾಗಿ ಎಳೆಯುತ್ತದೆ, ಬಿಳಿ ಪಟ್ಟೆಗಳು ಮುಖಗಳ ಮೇಲೇ ಓಡುತ್ತವೆ. ಮುರಳಿ ಬರುವಷ್ಟರಲ್ಲಿ ಮುಖವೇ ಇಲ್ಲ.

ಈ ಡೆಕ್ಕನ್ನು ನನಗೆ ಮಾರಿದವನು ಮಾಲೂರಿನ ವೆಂಕಟ್. ಅವನ ನಗು ನೋಡಿದಾಗಲೇ ಅಂದುಕೊಂಡಿದ್ದೆ.

೫ ಜೂನ್, ಬುಧವಾರ

ಡೆಕ್ಕಿನ ಮುಚ್ಚಳ ಬಿಚ್ಚಿ ಟೇಪು ಓದುವ ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಒರೆಸಿದೆ. ಚಿತ್ರ ನಿಲ್ಲಿಸುವ ಟ್ರ್ಯಾಕಿಂಗ್ ಗುಂಡಿಯನ್ನು ಈ ತುದಿಯಿಂದ ಆ ತುದಿಯವರೆಗೂ ಒತ್ತಿದೆ. ಕೇಬಲ್ ಬದಲಾಯಿಸಿದೆ. ಏನೂ ಬದಲಾಗಲಿಲ್ಲ.

ಮುಚ್ಚಳದ ಒಂದು ತಿರುಪು ಕೈಯಿಂದ ಜಾರಿ ಎಲ್ಲಿ ಹೋಯಿತೋ. ಈಗಿನ ಸ್ಕ್ರೂಡ್ರೈವರುಗಳಿಗೆ ಹಿಡಿತವೇ ಇರುವುದಿಲ್ಲ, ಎಲ್ಲ ಕಳಪೆ ಮಾಲು. ಭಾರತಿ ಕಾಫಿ ಲೋಟವನ್ನು ಅಂಚಿನವರೆಗೆ ತುಂಬಿ ತಂದು ಕೊಟ್ಟಳು, ಅರ್ಧ ಮೇಜಿನ ಮೇಲೆ ಚೆಲ್ಲಿತು. ‘ಇಷ್ಟು ತುಂಬಿದ್ರೆ ಯಾರು ಹಿಡೀತಾರೆ?’ ಅಂದೆ. ಒರೆಸಿಕೊಂಡು ಒಳಗೆ ಹೋದಳು. ಬೇಕಂತಲೇ ತುಂಬುತ್ತಾಳೆ.

ಮಗಳು ಅನಿತ ಶ್ರೀನಿವಾಸಪುರದಿಂದ ಒಂದು ಬುಟ್ಟಿ ಬಾದಾಮಿ ಮಾವು ಕಳಿಸಿದ್ದಾಳೆ. ಬಣ್ಣ ನೋಡಿದರೆ ಪುಡಿ ಹಾಕಿ ಹಣ್ಣು ಮಾಡಿದ ಹಾಗಿದೆ. ಅಳಿಯನ ತೋಟದ್ದೇ ಅನ್ನುತ್ತಾಳೆ. ನಾನು ಮುಟ್ಟಲಿಲ್ಲ.

೯ ಜೂನ್, ಭಾನುವಾರ

ಡೆಕ್ಕನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಮಾಲೂರಿಗೆ ಹೋದೆ. ವೆಂಕಟ್ ಜೊತೆ ಜಗಳ ಮಾಡಲೇಬೇಕು ಅಂತ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಆ ಮನುಷ್ಯ ಜಗಳಕ್ಕೆ ಅವಕಾಶವನ್ನೇ ಕೊಡಲಿಲ್ಲ. ಅವನ ಹತ್ತಿರ ಇದ್ದ ಒಂದು ಹಳೇ ಕ್ಯಾಸೆಟ್ಟು ಹಾಕಿದ. ಚಿತ್ರ ಗೋಡೆಗೆ ಮೊಳೆ ಹೊಡೆದ ಹಾಗೆ ನಿಂತಿತು. ಇನ್ನೊಂದು ಹಾಕಿದ. ಅದೂ ನಿಂತಿತು.

‘ಸಾರ್, ಡೆಕ್ಕು ಬಂಗಾರದಂಗೈತೆ. ತೊಂದ್ರೆ ಇರೋದು ನಿಮ್ ಕ್ಯಾಸೆಟ್ಟಲ್ಲಿ. ರೆಕಾರ್ಡ್ ಮಾಡಿದವ್ರು ಯಾರು?’

ನಾನು ಡೆಕ್ಕನ್ನು ಮತ್ತೆ ಗೋಣಿಚೀಲದಲ್ಲಿ ಸುತ್ತತೊಡಗಿದೆ.

ಒಂದು ಹಳೇ ಡಿವಿಡಿ ರೆಕಾರ್ಡರ್ ಕೊಟ್ಟ. ಡೆಕ್ಕಿಗೂ ಕಂಪ್ಯೂಟರಿಗೂ ನಡುವೆ ಇದನ್ನು ಕೂರಿಸಿದರೆ ಅಲುಗುವ ಚಿತ್ರವನ್ನು ಇದು ಒಂದು ಕ್ಷಣ ಹಿಡಿದಿಟ್ಟುಕೊಂಡು, ಸರಿಮಾಡಿ ಮುಂದಕ್ಕೆ ಕಳಿಸುತ್ತದಂತೆ. ‘ಕೆಲಸ ಆದ್ಮೇಲೆ ವಾಪಸ್ ಕೊಡಿ ಸಾರ್, ಸಾಕು’ ಅಂದ. ಪರಿಚಯವೂ ಅಷ್ಟಕ್ಕಷ್ಟೇ, ಸುಮ್ಮನೆ ಯಾಕೆ ಕೊಡುತ್ತಾನೆ? ಏನೋ ಇದೆ.

೧೧ ಜೂನ್, ಮಂಗಳವಾರ

ವೆಂಕಟನ ಪೆಟ್ಟಿಗೆ ಸ್ವಲ್ಪ ಕೆಲಸ ಮಾಡಿತು, ಸುಳ್ಳು ಯಾಕೆ ಹೇಳಲಿ. ಮೇಲುಗಡೆ ಸೊಟ್ಟಗಾಗುವುದು ಕಮ್ಮಿಯಾಯಿತು. ಆದರೆ ಪಟ್ಟೆಗಳು ಹೋಗಲಿಲ್ಲ. ಸಣ್ಣ ನಡುಕವನ್ನು ಅದು ತಡೆಯುತ್ತದೆ. ನಮ್ಮದು ಕ್ಯಾಸೆಟ್ಟಿನಿಂದ ಎದ್ದು ಬರುವಾಗಲೇ ಹರಿದು ಬರುತ್ತಿದೆ, ಹರಿದದ್ದನ್ನು ಅದೇನು ಸರಿಮಾಡೀತು? ಮುರಳಿ ಬರುವ ಜಾಗದಲ್ಲಿ ಪರದೆ ನೀಲಿಯಾಗಿ ಹೋಯಿತು, ಮಾತು ಮಾತ್ರ ಇಳಿಯಿತು.

ಅದಕ್ಕಿಂತ ಕೆಟ್ಟ ಸುದ್ದಿ ಇನ್ನೊಂದು. ಕ್ಯಾಸೆಟ್ಟು ತೆಗೆದು ನೋಡಿದರೆ ಹೆಡ್ಡಿನ ಮೇಲೆ ಕಂದು ಪುಡಿ. ಟೇಪಿನ ಮೈ ಉದುರುತ್ತಿದೆ. ಹಾಕಿದಷ್ಟು ಸಲವೂ ಮುರಳಿ ಅಷ್ಟಷ್ಟೇ ಅಳಿಸಿ ಹೋಗುತ್ತಾನೆ. ಇನ್ನೊಂದು ಸಲ ತಡೆದೀತು. ಎರಡನೆಯ ಸಲದ್ದು ಹೇಳಲಾರೆ. ಎದ್ದು ಡೆಕ್ಕಿನ ಪ್ಲಗ್ಗು ಕಿತ್ತು ಹಾಕಿದೆ, ಯಾರಾದರೂ ಅಕಸ್ಮಾತ್ ಒತ್ತಿಬಿಟ್ಟರೆ ಅಂತ.

೧೨ ಜೂನ್, ಬುಧವಾರ

ಇದು ಯಾರ ಕೆಲಸ ಅಂತ ಇಪ್ಪತ್ತೇಳು ವರ್ಷದಿಂದ ನನಗೆ ಗೊತ್ತು. ಕದಿರೇಶ.

ಬೈರಕೂರಿನವನು. ಹನ್ನೊಂದು ವರ್ಷ ನನ್ನ ಅಂಗಡಿಯಲ್ಲಿ ಕ್ಯಾಮೆರಾ ಹಿಡಿದ. ಅವನು ತಂದದ್ದನ್ನು ನಾನು ಅಂಗಡಿಯ ಡೆಕ್ಕಿನಲ್ಲಿ ಜೋಡಿಸಿ, ಹೆಸರು ಹಾಕಿ, ಹೂವಿನ ಚಿತ್ರ ಕೂರಿಸಿ ಕ್ಯಾಸೆಟ್ಟು ಮಾಡಿ ಕೊಡುತ್ತಿದ್ದೆ. ಆಗೆಲ್ಲ ಮನೆಮನೆಗೆ ಡೆಕ್ಕು ಎಲ್ಲಿತ್ತು? ಮದುವೆ ಕ್ಯಾಸೆಟ್ಟು ನೋಡಬೇಕು ಅಂದರೆ ನಮ್ಮ ಅಂಗಡಿಯ ಡೆಕ್ಕು, ಟಿವಿಯನ್ನೇ ಬಾಡಿಗೆಗೆ ಒಯ್ಯುತ್ತಿದ್ದರು. ತೊಂಬತ್ತೇಳರಲ್ಲಿ ಜನ ಸ್ವಂತ ಡೆಕ್ಕು ಕೊಳ್ಳುವುದಕ್ಕೆ ಶುರು ಮಾಡಿದರು, ದೂರುಗಳೂ ಶುರುವಾದವು. ‘ಮುನಿಶಾಮಿ, ನೀನು ಕೊಟ್ಟ ಕ್ಯಾಸೆಟ್ಟು ನಡುಗ್ತದಲ್ಲಪ್ಪ?’ ನಾನೂ ಹಳೇ ಡೆಕ್ಕು ಮಾರಿ ಹೊಸದು ತಂದಿದ್ದೆ. ಹಾಕಿ ನೋಡಿದರೆ ಹೌದು, ಎರಡು ಮೂರು ವರ್ಷದ ಕ್ಯಾಸೆಟ್ಟೆಲ್ಲ ನಡುಗುತ್ತಿವೆ. ಅದೇ ಸಮಯಕ್ಕೆ ಕದಿರೇಶ ಸ್ವಂತ ಅಂಗಡಿ ಹಾಕುತ್ತಾನಂತೆ ಅಂತ ಯಾರೋ ಕಿವಿಗೆ ಹಾಕಿದರು. ಇನ್ನೇನು ಬೇಕು? ಕುಡಿದು ಕ್ಯಾಮೆರಾ ಹಿಡಿಯುತ್ತಾನೆ, ಅವನ ಕೈ ನಡುಗುತ್ತದೆ, ನನ್ನ ಹೆಸರು ಕೆಡಿಸುವುದಕ್ಕೇ ಮಾಡಿದ್ದು ಅಂದೆ. ಬಂದವರಿಗೆಲ್ಲ ಹೇಳಿದೆ. ಆಮೇಲೆ ಅವನನ್ನು ಯಾರೂ ಮದುವೆಗೆ ಕರೆಯಲಿಲ್ಲ. ಅವನು ಊರಿಗೆ ಹೋಗಿ ಟೊಮ್ಯಾಟೊ ಹಾಕಿಕೊಂಡ.

ಅತ್ತೆ ಮುನಿಯಲ್ಲಮ್ಮ ಅವನನ್ನು ಸಂತೆಯ ಮಧ್ಯೆ ನಿಲ್ಲಿಸಿ ಕೇಳಿದ್ದಳು. ಮುರಳಿ ಹೋಗಿ ವರ್ಷವಾಗಿತ್ತು. ಅಲ್ಲಿಯವರೆಗೂ ಕ್ಯಾಸೆಟ್ಟು ನೋಡುವ ಧೈರ್ಯ ಬಂದಿರಲಿಲ್ಲ ಅವಳಿಗೆ. ಧೈರ್ಯ ಮಾಡಿ ನೋಡಲು ಕೂತರೆ ಮುಖವಿಲ್ಲ. ‘ನಿನ್ನ ಕೈ ಸೇದಿಹೋಗ, ನನ್ ಕೊಡುಕುನ ಮಖ ತಿಂದ್ಕೊಂಡ್ಯಲ್ಲೋ’ ಅಂತ, ಮಗನನ್ನು ತೆಲುಗಿನಲ್ಲೇ ಕರೆದು, ಮಣ್ಣು ತೂರಿದ್ದಳು. ಅವನು ತಲೆ ತಗ್ಗಿಸಿ ನಿಂತಿದ್ದ. ತಪ್ಪು ಮಾಡದವನು ತಲೆ ಯಾಕೆ ತಗ್ಗಿಸುತ್ತಾನೆ?

೧೪ ಜೂನ್, ಶುಕ್ರವಾರ

ಭಾರತಿ ಹಿತ್ತಲಿನಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದಳು. ನಾನು ಬಾಗಿಲಿಗೆ ಬಂದ ತಕ್ಷಣ ‘ಆಮೇಲೆ ಮಾಡ್ತೀನಿ’ ಅಂತ ಇಟ್ಟಳು. ‘ಯಾರು?’ ಅಂದರೆ ‘ಯಾರೋ, ನಿಮಗ್ಯಾಕೆ?’ ಅಂದಳು. ಎರಡು ವಾರದಲ್ಲಿ ಇದು ಮೂರನೆಯ ಸಲ.

ಪೋಸ್ಟಾಫೀಸಿನಲ್ಲಿ ಇವತ್ತು ಸಹಿ ಹೊಂದುವುದಿಲ್ಲ ಅಂದರು. ನಲವತ್ತು ವರ್ಷದಿಂದ ಮಾಡುವ ಸಹಿ! ಕೌಂಟರಿನ ಹೆಣ್ಣುಮಗಳು ನನ್ನ ಮುಖವನ್ನೂ ಕಾಗದವನ್ನೂ ತಿರುಗಿ ತಿರುಗಿ ನೋಡಿದಳು, ಕಳ್ಳನನ್ನು ನೋಡಿದ ಹಾಗೆ. ಅವರ ಪೆನ್ನು ದಾರ ಕಟ್ಟಿದ್ದು, ಎಳೆದರೆ ಎಲ್ಲಿಗೋ ಹೋಗುತ್ತದೆ. ಈ ನೋಟ್‌ಬುಕ್ಕಿನ ಪೆನ್ನೂ ಅಷ್ಟೇ, ಗೆರೆ ಬಿಟ್ಟು ಹೋಗುತ್ತದೆ. ಬೇರೆ ಪೆನ್ನು ತರಬೇಕು.

೧೬ ಜೂನ್, ಭಾನುವಾರ

ಹೋಳೂರಿಗೆ ಹೋಗಿದ್ದೆವು. ಚಿತ್ರವಿಲ್ಲದಿದ್ದರೆ ಮಾತಾದರೂ ಕೇಳಲಿ ಅಂತ ಇಳಿಸಿದ್ದಷ್ಟನ್ನು ಫೋನಿಗೆ ಹಾಕಿಕೊಂಡು ಹೋಗಿದ್ದೆ. ಅತ್ತೆ ಜಗಲಿಯ ಮೇಲೆ ಅಲಸಂದೆಕಾಯಿ ಬಿಡಿಸುತ್ತಿದ್ದಳು, ಕಣ್ಣಿನಿಂದಲ್ಲ, ಬೆರಳಿನಿಂದ. ಫೋನನ್ನು ಕಿವಿಯ ಹತ್ತಿರ ಹಿಡಿದೆ. ‘ಕದಿರೇಶಣ್ಣ, ನನ್ನ ಸರಿಯಾಗಿ ಹಿಡಿಯಣ್ಣ, ಅಮ್ಮ ನೋಡ್ಬೇಕು.’

ಅವಳ ಕೈ ನಿಂತಿತು. ಮತ್ತೆ ಹಾಕು ಅಂದಳು. ಹಾಕಿದೆ. ಆರು ಸಲ ಹಾಕಿದೆ.

‘ಅಲ್ಲುಡೂ’ ಅಂದಳು. ಅಳಿಯನನ್ನು ಅವಳು ಯಾವಾಗಲೂ ತೆಲುಗಿನಲ್ಲೇ ಕರೆಯುವುದು. ‘ಮಾತು ಕೇಳ್ತು. ಇನ್ನು ಮಖ ತೋರ್ಸು ನಾಯನಾ. ನೋಡು, ಈಗ ನೀನಿಲ್ಲಿ ಕೂತಿರೋದು ಒಂದು ನೆರಳಂಗೆ ಕಾಣ್ತದೆ. ಯುಗಾದೀಲಿ ನಿನ್ನ ಮೀಸೆ ಕಾಣ್ತಿತ್ತು.’

ಎದ್ದು ಹೋಗಿ ಬಾವಿಯ ಹತ್ತಿರ ನಿಂತೆ. ಕಣ್ಣೊರೆಸಿಕೊಂಡೆ. ಯಾರೂ ನೋಡಲಿಲ್ಲ ಅಂದುಕೊಂಡಿದ್ದೇನೆ.

೧೮ ಜೂನ್, ಮಂಗಳವಾರ

ಕಂಪ್ಯೂಟರಿಗೆ ಇಳಿದಿದ್ದ ನಡುಗುವ ಚಿತ್ರವನ್ನೇ ಹಾಕಿಕೊಂಡು ಕದಿರೇಶನನ್ನು ಬೈಯುತ್ತಾ ಕೂತಿದ್ದೆ. ಭಾರತಿ ಹಿಂದೆ ಬಂದು ನಿಂತಳು. ಪರದೆಯ ಮೇಲೆ ಕ್ಯಾಸೆಟ್ಟಿನ ಮೊದಲ ಭಾಗ, ‘ಶುಭವಿವಾಹ’ ಅಂತ ಅಕ್ಷರ, ಸುತ್ತ ಗುಲಾಬಿ ಹೂವು.

‘ರೀ, ಈ ಅಕ್ಷರ ಬರ್ದಿದ್ದು ಯಾರು?’

‘ನಾನು. ಅಂಗಡೀಲಿ ಕೂತ್ಕೊಂಡು.’

‘ಕದಿರೇಶ ಇರ್ಲಿಲ್ವ?’

‘ಅವನ್ಯಾಕೆ ಇರ್ತಾನೆ? ಹೆಸರು ಹಾಕಕ್ಕೆ ಕ್ಯಾಮೆರಾನೇ ಬೇಡ. ಅದು ಮಿಷನ್ನಲ್ಲಿ ಹಾಕೋದು.’

‘ಹಂಗಾದ್ರೆ ಅಕ್ಷರ ಯಾಕೆ ನಡುಗ್ತಾ ಐತೆ?’

ನಾನು ಕಂಪ್ಯೂಟರು ಆರಿಸಿದೆ. ‘ನಿಂಗೇನು ಗೊತ್ತಾಗುತ್ತೆ, ಹೋಗೇ ಒಳಗೆ’ ಅಂದೆ. ಮಧ್ಯಾಹ್ನ ಊಟ ಮಾಡಲಿಲ್ಲ. ಅವಳು ಯಾರ ಪರ?

೧೯ ಜೂನ್, ಬುಧವಾರ

ಅಕ್ಷರ ನಡುಗುತ್ತಿದೆ.

೨೦ ಜೂನ್, ಗುರುವಾರ

ಬರೆದುಬಿಡುತ್ತೇನೆ. ಇದನ್ನು ಯಾರೂ ಓದುವುದಿಲ್ಲವಲ್ಲ.

ತೊಂಬತ್ತೈದರ ಫೆಬ್ರವರಿ. ಲಕ್ಕೂರಿನ ಹತ್ತಿರ ಒಂದು ಛತ್ರದಲ್ಲಿ ಬೀಗರ ಊಟ ಮುಗಿದ ಮೇಲೆ ತೆಲುಗು ಸಿನಿಮಾ ಹಾಕಿಸಿದ್ದರು. ಹಾಡುಹಗಲು, ಕಿಟಕಿಗಳಿಗೆಲ್ಲ ಕಂಬಳಿ ಕಟ್ಟಿ ಕತ್ತಲೆ ಮಾಡಿದ್ದರು. ಎಲ್ಲಿಂದಲೋ ತಂದ ಕ್ಯಾಸೆಟ್ಟು, ಕಳ್ಳ ಪ್ರತಿಯ ಕಳ್ಳ ಪ್ರತಿ. ಚಿತ್ರ ನಿಲ್ಲಲೇ ಇಲ್ಲ. ಇನ್ನೂರು ಜನ ಕೂಗಾಡಿದರು, ಚಪ್ಪಲಿ ಬಿತ್ತು. ನಾನು ಡೆಕ್ಕಿನ ಮುಚ್ಚಳ ಬಿಚ್ಚಿದೆ. ಒಳಗೆ ಟೇಪನ್ನು ಹೆಡ್ಡಿನ ಹತ್ತಿರಕ್ಕೆ ನಡೆಸುವ ಎರಡು ಪುಟ್ಟ ಕಂಬಗಳಿರುತ್ತವೆ, ಅವುಗಳ ಎತ್ತರವನ್ನು ತಿರುಪಿನಲ್ಲಿ ಕೂರಿಸಿರುತ್ತಾರೆ. ಕಂಪನಿಯವರು ಬಿಟ್ಟರೆ ಅದನ್ನು ಯಾರೂ ಮುಟ್ಟಬಾರದು. ನಾನು ಮುಟ್ಟಿದೆ. ತಿರುಗಿಸಿದೆ. ಕಳ್ಳ ಕ್ಯಾಸೆಟ್ಟು ನಿಂತಿತು, ಜನ ಶಿಳ್ಳೆ ಹೊಡೆದರು, ಬೀಗರು ನನಗೆ ಎರಡು ಹೋಳಿಗೆ ಜಾಸ್ತಿ ಹಾಕಿದರು.

ಆ ತಿರುಪನ್ನು ಮತ್ತೆ ಹಿಂದಕ್ಕೆ ತಿರುಗಿಸಿದ್ದು ನನಗೆ ನೆನಪಿಲ್ಲ. ಎಷ್ಟು ಯೋಚಿಸಿದರೂ ನೆನಪಿಲ್ಲ. ಯಾಕೆಂದರೆ ತಿರುಗಿಸಿಲ್ಲ. ಒಂದು ಕೆಟ್ಟ ಕ್ಯಾಸೆಟ್ಟಿಗೆ ನನ್ನ ಡೆಕ್ಕನ್ನು ಹೊಂದಿಸಿ, ಆ ಡೆಕ್ಕಿನಲ್ಲೇ ಎರಡೂವರೆ ವರ್ಷ ಊರಿನ ಮದುವೆಗಳನ್ನೆಲ್ಲ ಅಚ್ಚು ಹಾಕಿದ್ದೇನೆ. ಅದು ಬರೆದದ್ದನ್ನು ಅದೇ ಓದಬೇಕು. ಬೇರೆ ಯಾವ ಡೆಕ್ಕಿಗೆ ಹಾಕಿದರೂ ನಡುಗುತ್ತದೆ. ನೋಡುವ ಮನಸ್ಸಿದ್ದಿದ್ದರೆ ತೊಂಬತ್ತೇಳರಲ್ಲೇ ಕಾಣುತ್ತಿತ್ತು. ಕೈ ನಡುಗಿದರೆ ಚಿತ್ರ ಅಲ್ಲಾಡುತ್ತದೆ, ಹರಿಯುವುದಿಲ್ಲ. ನನಗೆ ಗೊತ್ತಿಲ್ಲದ ವಿಷಯವೇ ಅದು?

ಆದರೂ ಕದಿರೇಶನೂ ಸ್ವಲ್ಪ ಕುಡಿಯುತ್ತಿದ್ದ. ಅದು ಸುಳ್ಳಲ್ಲ.

೨೧ ಜೂನ್, ಶುಕ್ರವಾರ

ಈಗ ಇರುವ ದಾರಿ ಒಂದೇ. ವೆಂಕಟ್ ಕೊಟ್ಟ ಡೆಕ್ಕಿನ ಕಂಬವನ್ನೂ ಅದೇ ತಪ್ಪು ಎತ್ತರಕ್ಕೆ ತರಬೇಕು. ಎಷ್ಟು, ಯಾವ ಕಡೆಗೆ ಅಂತ ಪರೀಕ್ಷೆ ಮಾಡುವುದಕ್ಕೆ ಮುರಳಿಯ ಕ್ಯಾಸೆಟ್ಟು ಹಾಕುವ ಹಾಗಿಲ್ಲ. ಅದೇ ಡೆಕ್ಕಿನಲ್ಲಿ ಮಾಡಿದ ಇನ್ನೊಂದು ಕ್ಯಾಸೆಟ್ಟು ಬೇಕು, ಹಾಳಾದರೂ ಪರವಾಗಿಲ್ಲ ಅಂತ ಕೊಡುವವರು ಬೇಕು. ನನ್ನ ಹತ್ತಿರ ಇದ್ದವನ್ನೆಲ್ಲ ಅಂಗಡಿ ಮುಚ್ಚಿದಾಗ ಗುಜರಿಗೆ ಹಾಕಿದ್ದೆ. ನಾಲ್ಕು ಮನೆಗೆ ಹೋಗಿ ಕೇಳಿದೆ. ಇಬ್ಬರು ಎಸೆದುಬಿಟ್ಟಿದ್ದರು, ಇನ್ನಿಬ್ಬರು ಕೊಡುವುದಿಲ್ಲ ಅಂದರು.

ಭಾರತಿಗೆ ಹೇಳಿದೆ. ಬರೀ ಕ್ಯಾಸೆಟ್ಟಿನ ವಿಷಯ ಹೇಳೋಣ ಅಂದುಕೊಂಡಿದ್ದೆ. ತಿರುಪಿನ ವಿಷಯವೂ ಬಾಯಿಗೆ ಬಂತು.

‘ಆದಿಲಕ್ಷ್ಮಿ ಹತ್ರ ಐತೆ’ ಅಂದಳು.

‘ಯಾವ ಆದಿಲಕ್ಷ್ಮಿ?’

‘ಕದಿರೇಶನ ಹೆಂಡ್ತಿ. ಅವರ ಮದ್ವೆ ಕ್ಯಾಸೆಟ್ಟು. ಅದೇ ವರ್ಷದ್ದು.’

‘ನಿಂಗೆ ಹೆಂಗೆ ಗೊತ್ತು?’

‘ಗೊತ್ತು ಕಣ್ರೀ. ಇಷ್ಟು ವರ್ಷ ನಾವು ಮಾತಾಡೋದು ಬಿಟ್ಟಿದ್ದೇ ಇಲ್ಲ. ನೀವಿಬ್ರು ಮುಖ ತಿರುಗಿಸ್ಕೊಂಡ್ರೆ ನಾವೂ ತಿರುಗಿಸ್ಕೋಬೇಕಾ?’

ಫೋನಿನಲ್ಲಿ ಇದ್ದದ್ದು ಅವಳು. ಇಪ್ಪತ್ತೇಳು ವರ್ಷ ನನ್ನ ಬೆನ್ನ ಹಿಂದೆ! ಕೂಗಾಡಬೇಕು ಅಂತ ಬಾಯಿ ತೆರೆದೆ. ಬುಟ್ಟಿಯಲ್ಲಿ ಕೊನೆಗೆ ಉಳಿದಿದ್ದ ಒಂದು ಮಾವಿನಹಣ್ಣು ತಿಂದೆ. ಚೆನ್ನಾಗಿತ್ತು.

೨೨ ಜೂನ್, ಶನಿವಾರ

ಬೈರಕೂರಿಗೆ ಹೋಗಿದ್ದೆ. ಭಾರತಿ ಬರುತ್ತೇನೆ ಅಂದಳು, ಬೇಡ ಅಂದೆ.

ಕದಿರೇಶ ತೋಟದಲ್ಲಿ ಟೊಮ್ಯಾಟೊ ಗಿಡಕ್ಕೆ ಕಡ್ಡಿ ನೆಟ್ಟು ದಾರ ಕಟ್ಟುತ್ತಿದ್ದ. ತಲೆ ಪೂರ್ತಿ ಬೆಳ್ಳಗಾಗಿದೆ. ನನ್ನನ್ನು ನೋಡಿದ, ದಾರ ಬಿಡಲಿಲ್ಲ. ಒಂದು ಸಾಲು ಮುಗಿಯುವವರೆಗೂ ನಿಲ್ಲಿಸಿದ. ನಿಂತೆ. ಸೂಜಿಗೆ ದಾರ ಪೋಣಿಸುವಷ್ಟು ನಾಜೂಕಾಗಿ ಗಂಟು ಹಾಕುತ್ತಿದ್ದ. ಮೂರು ಬೆರಳು, ಒಂದು ಸುತ್ತು, ಮುಂದಿನ ಗಿಡ.

‘ಏನಣ್ಣ, ದಾರಿ ತಪ್ಪಿ ಬಂದ್ಯಾ?’ ಅಂದ ಕೊನೆಗೆ.

ವಿಷಯ ಹೇಳಿದೆ. ಅತ್ತೆಯ ಕಣ್ಣು, ಮುರಳಿ, ಉದುರುವ ಟೇಪು. ತಿರುಪಿನ ಹತ್ತಿರ ಬಂದಾಗ ಮಾತು ತಡವರಿಸಿತು. ಅವನೇ ಮುಗಿಸಿದ.

‘ಎಡಕ್ಕೆ ಅರ್ಧ ಸುತ್ತು. ಬ್ಯಾಟರಿ ಹಿಡ್ಕೊಂಡು ಪಕ್ಕದಲ್ಲಿ ಕೂತಿದ್ದೋನು ನಾನೇ. ಅಣ್ಣ, ನಾಳೆ ಹಿಂದಕ್ಕೆ ತಿರುಗ್ಸು ಅಂತ ಅವತ್ತೇ ಹೇಳ್ದೆ. ನಿಂಗೆ ಹೋಳಿಗೆ ಮೇಲೆ ಜ್ಞಾನ.’

‘ಹಂಗಾದ್ರೆ ನಿಂಗೆ ಗೊತ್ತಿತ್ತೇನ್ಲಾ? ಗೊತ್ತಿದ್ದೂ ಯಾಕ್ಲಾ ಬಾಯಿ ಬಿಡ್ಲಿಲ್ಲ?’

‘ಹೇಳಕ್ಕೆ ಬಂದಿದ್ದೆ. ಅಂಗಡಿ ಬಾಗಿಲಲ್ಲಿ ನಿಂತು, ಕುಡುಕ ನನ್ ಮಗನೇ ಹತ್ಬೇಡ ಮೆಟ್ಟಿಲು ಅಂದ್ಯಲ್ಲ.’ ಅವನ ದನಿ ಏರಲೇ ಇಲ್ಲ. ‘ನನ್ನ ಮದ್ವೆ ಕ್ಯಾಸೆಟ್ಟೂ ನಡುಗುತ್ತೆ ಅಣ್ಣ. ಅವತ್ತು ನಾನು ಹಸೆ ಮೇಲೆ ಕೂತಿದ್ದೆ. ಕ್ಯಾಮೆರಾ ಹಿಡಿದಿದ್ದು ನೀನು.’

ಬಿಸಿಲು ನೆತ್ತಿಗೆ ಹೊಡೆಯುತ್ತಿತ್ತು. ನಾನು ಬದುವಿನ ಮೇಲೆ ಕೂತುಬಿಟ್ಟೆ.

‘ಹೋದ ವರ್ಷ ನನ್ ಮಗಳ ಮದ್ವೆ. ವಿಡಿಯೋದವ್ನು ಹೊಸಬ, ನಾನೂ ಸ್ವಲ್ಪ ಹಿಡೀಲಾ ಅಂತ ಕೇಳ್ದೆ. ಬೇಡ ಯಜಮಾನ್ರೇ, ನಿಮ್ ಕೈ ವಿಷ್ಯ ಕೇಳಿದ್ದೀನಿ ಅಂದ. ಅವ್ನು ಹುಟ್ಟೋಕ್ ಮುಂಚೆ ನೀನಾಡಿದ್ ಮಾತು ಅದು.’

ಆದಿಲಕ್ಷ್ಮಿ ಮಜ್ಜಿಗೆ ತಂದಳು. ಲೋಟ ಹಿಡಿದೆ, ಪಂಚೆಯ ಮೇಲೆ ಚೆಲ್ಲಿಕೊಂಡೆ. ಅವಳೂ ತುಂಬಾ ತುಂಬಿದ್ದಳು. ಕದಿರೇಶ ನನ್ನ ಕೈಯನ್ನೇ ನೋಡುತ್ತಿದ್ದ. ಏನು ನೋಡುತ್ತಾನೋ.

‘ಕ್ಯಾಸೆಟ್ಟು ತತ್ತೀನಿ’ ಅಂದ. ‘ಹಾಳಾದ್ರೂ ಆಗ್ಲಿ. ಒಂದೇ ಮಾತು. ಮುನಿಯಲ್ಲಮ್ಮ ನೋಡೋವಾಗ ನಾನಲ್ಲಿರ್ಬೇಕು. ಅಷ್ಟೇ.’

ಇಷ್ಟು ಸುಲಭಕ್ಕೆ ಒಪ್ಪಿಕೊಂಡನಲ್ಲ! ಅತ್ತೆಯ ಎದುರಿಗೆ ನನ್ನ ಮಾನ ತೆಗೆಯಬೇಕು ಅಂತಲೇ ಇರಬೇಕು. ಬಸ್ಸಿನಲ್ಲಿ ಬರುವಾಗ ಯೋಚಿಸಿದೆ. ತೆಗೆದರೆ ತೆಗೆಯಲಿ.

೨೩ ಜೂನ್, ಭಾನುವಾರ

ಬೆಳಿಗ್ಗೆ ಒಂಬತ್ತಕ್ಕೇ ಗಂಡ ಹೆಂಡತಿ ಬಂದರು. ಹೆಂಗಸರಿಬ್ಬರೂ ಅಡುಗೆಮನೆ ಸೇರಿದರು, ಒಳಗಿನಿಂದ ನಗು ಕೇಳುತ್ತಿತ್ತು. ಯಾರ ಬಗ್ಗೆ ನಗುತ್ತಿದ್ದರು ಅಂತ ಕೇಳಬೇಕಾಗಿಲ್ಲ.

ಡೆಕ್ಕು ಬಿಚ್ಚಿ ಅವರ ಮದುವೆ ಕ್ಯಾಸೆಟ್ಟು ಹಾಕಿದೆವು. ಅದೇ ನಡುಕ, ಅವೇ ಪಟ್ಟೆ. ಈಗ ಕಂಬದ ತಿರುಪು. ಟೇಪು ಓಡುತ್ತಿರುವಾಗಲೇ, ಸುತ್ತುವ ಹೆಡ್ಡಿನ ಒಂದು ಬೆರಳು ದೂರದಲ್ಲಿ ತಿರುಗಿಸಬೇಕು. ಸ್ಕ್ರೂಡ್ರೈವರು ಸ್ವಲ್ಪ ತಾಗಿದರೂ ಹೆಡ್ಡು ಹೋಯಿತು. ನಾನು ಬಗ್ಗಿದೆ. ತಿರುಪಿನ ತಲೆಯ ಸೀಳು ಸವೆದಿದೆಯೋ ಏನೋ, ತುದಿ ಕೂರಲೇ ಇಲ್ಲ. ಮೂರು ಸಲ ಪ್ರಯತ್ನ ಪಟ್ಟೆ. ನಾಲ್ಕನೆಯ ಸಲ ಕದಿರೇಶ ಮಾತಿಲ್ಲದೆ ನನ್ನ ಕೈಯಿಂದ ಸ್ಕ್ರೂಡ್ರೈವರು ತೆಗೆದುಕೊಂಡ. ಕೂರಿಸಿದ. ಒಂದೇ ಸಲಕ್ಕೆ ಕೂತಿತು.

‘ನೀನು ಟಿವಿ ನೋಡಿ ಹೇಳಣ್ಣ, ನಾನು ತಿರುಗಿಸ್ತೀನಿ.’

‘ಎಡಕ್ಕೆ. ಇನ್ನೂ. ಇನ್ನೂ ಒಂದು ಕೂದಲು. ನಿಲ್ಲು. ನಿಲ್ಲು!’

ನಿಂತಿತು. ಪಟ್ಟೆಗಳು ಮೇಲಕ್ಕೆ ಸರಿದು ಹೋಗಿಬಿಟ್ಟವು. ಪರದೆಯ ಮೇಲೆ ಇಪ್ಪತ್ತೆಂಟರ ಕದಿರೇಶ ಬಾಸಿಂಗ ಕಟ್ಟಿಕೊಂಡು ಕೂತಿದ್ದಾನೆ. ಪಕ್ಕದಲ್ಲಿ ಆದಿಲಕ್ಷ್ಮಿ, ಹಣೆಯಿಂದ ಮೇಲೆ ಇಲ್ಲ. ಅವಳು ಬಾಗಿಲಿಗೆ ಬಂದು ನೋಡಿದಳು. ‘ಅಯ್ಯೋ ಅಣ್ಣ, ಧಾರೆ ಉದ್ದಕ್ಕೂ ನನ್ನ ತಲೆ ಕಡ್ದಿದ್ದೀಯಲ್ಲಪ್ಪ!’ ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ಕ್ಯಾಸೆಟ್ಟು ಚೂರೂ ಹಾಳಾಗಲಿಲ್ಲ, ಅದನ್ನೂ ಪೂರ್ತಿ ಕಂಪ್ಯೂಟರಿಗೆ ಇಳಿಸಿಕೊಟ್ಟೆ.

೨೪ ಜೂನ್, ಸೋಮವಾರ

ಮುರಳಿಯ ಕ್ಯಾಸೆಟ್ಟು. ಕದಿರೇಶ ನಿನ್ನೆ ನಮ್ಮಲ್ಲೇ ಉಳಿದಿದ್ದ. ನಡುವೆ ವೆಂಕಟನ ಪೆಟ್ಟಿಗೆ ಕೂರಿಸಿ, ಮುಂದೆ ಕಂಪ್ಯೂಟರು ಕೂರಿಸಿ, ಒಂದೇ ಸಲ ಒತ್ತಿದೆ. ಒತ್ತಿದ ಮೇಲೆ ನಾನು ನೋಡಲಿಲ್ಲ, ಗೋಡೆ ಕಡೆ ತಿರುಗಿ ನಿಂತೆ. ‘ನೋಡಣ್ಣ, ಬಂದ’ ಅಂದ ಕದಿರೇಶ.

ಹೆಚ್ಚುಕಮ್ಮಿ ಪೂರ್ತಿ ಇಳಿಯಿತು. ಕೊನೆಯ ಹತ್ತು ನಿಮಿಷ ಇರುವಾಗ ಟೇಪು ಒಳಗೇ ಕಚ್ಚಿಕೊಂಡಿತು, ಇನ್ನು ಅದು ಓಡುವುದಿಲ್ಲ. ಅಷ್ಟರಲ್ಲಿ ಮುರಳಿ ಈ ಕಡೆ ಬಂದಾಗಿತ್ತು.

ವೆಂಕಟನಿಗೆ ಫೋನು ಮಾಡಿ ಥ್ಯಾಂಕ್ಸ್ ಹೇಳಿದೆ.

೨೬ ಜೂನ್, ಬುಧವಾರ

ಈ ಪುಟ ಬರೆಯುತ್ತಿರುವವಳು ಭಾರತಿ. ಹೇಳುತ್ತಿರುವುದು ನಾನು. ನೋಟ್‌ಬುಕ್ಕು ಎಲ್ಲಿದೆ ಅಂತ ಹೇಳಿದಾಗ ‘ವೈರುಗಳ ಕೆಳಗಾ? ಅಯ್ಯೋ ರಾಮ!’ ಅಂತ ಹಣೆ ಚಚ್ಚಿಕೊಂಡಳು. ನಿಜವಾಗಿಯೂ ಗೊತ್ತಿರಲಿಲ್ಲ ಅವಳಿಗೆ.

ಹೋಳೂರಿನಲ್ಲಿ ಚಂದನ ಕಿಟಕಿಗಳಿಗೆ ಕಂಬಳಿ ಕಟ್ಟಿದ್ದಳು, ಬೆಳಕು ಬಿದ್ದರೆ ಅಮ್ಮನಿಗೆ ಕಾಣುವುದಿಲ್ಲ ಅಂತ. ಅತ್ತೆಯನ್ನು ಟಿವಿಯ ಒಂದು ಮೊಳ ದೂರದಲ್ಲಿ ಕೂರಿಸಿದೆವು. ಕದಿರೇಶ ಬಾಗಿಲ ಹತ್ತಿರ ನಿಂತ, ಒಳಗೆ ಬರಲಿಲ್ಲ. ಹಾಕಿದೆ.

ಮುರಳಿ ಪಾಯಸದ ಬಕೆಟ್ಟು ಹಿಡಿದುಕೊಂಡು ಬಂದ. ‘ಕದಿರೇಶಣ್ಣ, ನನ್ನ ಸರಿಯಾಗಿ ಹಿಡಿಯಣ್ಣ, ಅಮ್ಮ ನೋಡ್ಬೇಕು.’ ಬಕೆಟ್ಟು ಕೆಳಗಿಟ್ಟು ಕ್ಯಾಮೆರಾದ ಗಾಜಿನಲ್ಲಿ ಮುಖ ನೋಡಿಕೊಂಡು ಕೂದಲು ಬಾಚಿಕೊಂಡ, ನಕ್ಕ, ಮತ್ತೆ ಬಾಚಿಕೊಂಡ. ಆಮೇಲೆ ಪಂಕ್ತಿಯುದ್ದಕ್ಕೂ ಬಡಿಸುತ್ತಾ ಹೋದ. ಕ್ಯಾಮೆರಾ ಅವನನ್ನು ಬಿಟ್ಟು ಎಲ್ಲೂ ಹೋಗಲಿಲ್ಲ. ನಾಲ್ಕು ನಿಮಿಷ. ಹೆಗಲ ಮೇಲಿಟ್ಟ ಎಂಟು ಕಿಲೋ ಕ್ಯಾಮೆರಾ, ಕೆಳಗೆ ಸ್ಟ್ಯಾಂಡ್ ಇಲ್ಲ, ಸುತ್ತಲೂ ತಳ್ಳುವ ಜನ. ಒಂದು ಎಳೆಯಷ್ಟೂ ಅಲುಗಿಲ್ಲ.

ಅತ್ತೆ ಮುಂದಕ್ಕೆ ಬಾಗಿ ಪರದೆ ಮುಟ್ಟಿದಳು. ‘ಅದಿಗೋ ನಾ ಕೊಡುಕು’ ಅಂದಳು. ‘ಹಲ್ಲು ನೋಡು. ಅದೇ ಹಲ್ಲು.’ ಮುಗಿಯುವವರೆಗೂ ಮಗನ ಕೆನ್ನೆಯ ಮೇಲಿದ್ದ ಕೈಯನ್ನು ತೆಗೆಯಲಿಲ್ಲ.

ಕದಿರೇಶ ಒಂದು ಮಾತೂ ಆಡಲಿಲ್ಲ. ಮಾನ ತೆಗೆಯುವುದಕ್ಕೆ ಬಂದಿದ್ದಾನೆ ಅಂದುಕೊಂಡಿದ್ದೆನಲ್ಲ, ಅವನು ಬಾಗಿಲ ಹತ್ತಿರ ನಿಂತು ಅಳುತ್ತಿದ್ದ. ಆಗ ನಾನೇ ಹೇಳಿದೆ. ‘ಅತ್ತೆ, ಅವನ ಕೈ ನಡುಗಿರ್ಲಿಲ್ಲ. ಮಿಷನ್ ಕೆಡಿಸಿದ್ದು ನಾನು. ನಿನ್ ಮಗನ ಮುಖ ಇಷ್ಟು ವರ್ಷ ಮುಚ್ಚಿಟ್ಟಿದ್ದು ನಾನು. ಅವನ ಮೇಲೆ ಹಾಕ್ದೆ.’

ಅತ್ತೆ ಪರದೆಯಿಂದ ಮುಖ ತಿರುಗಿಸಿದಳು.

‘ಅವನು ಇಲ್ಲೇ ಅವ್ನಾ?’ ಅಂದಳು ಅತ್ತೆ. ‘ಬಾ ಸಾಮಿ. ಕೈ ಕೊಡು.’ ಕದಿರೇಶ ಬಂದು ಅವಳ ಮುಂದೆ ಕೂತ. ಅವಳು ಅವನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ಇಟ್ಟುಕೊಂಡಳು. ತೂರಿದ ಮಣ್ಣನ್ನು ಒರೆಸುವ ಹಾಗೆ ಸೆರಗಿನಿಂದ ಅಂಗೈ ಒರೆಸಿದಳು. ಆಮೇಲೆ ‘ಅಲ್ಲುಡೂ, ನೀನೂ ಕೊಡು’ ಅಂದಳು. ಬೈಯುತ್ತಾಳೆ ಅಂದುಕೊಂಡು ಕೊಟ್ಟೆ. ಹಿಡಿದಳು. ಹಿಡಿದು ಮುಖ ಎತ್ತಿದಳು.

‘ಇದ್ಯಾಕೆ ನಾಯನಾ, ನಿಂದು ಹಿಂಗೆ ನಡುಗ್ತಾ ಐತೆ?’

ಭಾರತಿ ಆ ಕಡೆ ಮುಖ ತಿರುಗಿಸಿದಳು. ಕದಿರೇಶ ನೆಲ ನೋಡಿದ. ಅವರಿಗೆಲ್ಲ ಮೊದಲೇ ಗೊತ್ತಿತ್ತು.

ಶುಕ್ರವಾರ ನನ್ನ ಕೈ ತೋರಿಸಲು ಕೋಲಾರದ ಡಾಕ್ಟರ ಹತ್ತಿರ ಹೋಗಬೇಕು. ಕದಿರೇಶನೂ ಬರುತ್ತೇನೆ ಅಂದಿದ್ದಾನೆ. ಯಾಕೆ ಬರುತ್ತಾನೆ ಅಂತ ನಾನು ಕೇಳಲಿಲ್ಲ.

‘ಇನ್ನೇನು ಬರೀಲಿ?’ ಅನ್ನುತ್ತಿದ್ದಾಳೆ ಭಾರತಿ. ಕದಿರೇಶನ ಕೈ ನಡುಗಿರಲಿಲ್ಲ ಅಂತ ಬರಿ. ಬರೆದಾಯಿತು ಅನ್ನುತ್ತಾಳೆ. ಹಾಗಾದರೆ ಇದೊಂದು ಬರಿ: ನೀನು ಲೋಟ ಒಂದು ದಿನವೂ ಜಾಸ್ತಿ ತುಂಬಿರಲಿಲ್ಲ.